ನಸೀರಾಳ ಬಾಟಲಿ

ಅಕ್ಕಿಆಲೂರು
೧೭–೨–೧೯೮೪

ಪ್ರೀತಿಯ ಮಗಳು ಭರಮವ್ವಳಿಗೆ,

ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳಬೇಕೆಂದರೆ ಈ ಸಲ ಪೆನ್ನು ತಡೆಯುತ್ತದೆ. ಮೈಯಲ್ಲಿ ಏನೊಂದು ತ್ರಾಸಿಲ್ಲದಿದ್ದರೂ ಹಾಸ್ಟೆಲಿನ ತಪಾಸಣೆಯಲ್ಲಿ ಮೂತ್ರದಲ್ಲಿ ಕ್ರಿಮಿ ಸಿಕ್ಕಿವೆ ಎಂದು ಬರೆದಿದ್ದೀಯಲ್ಲ! ಊಟ ಸೇರುತ್ತದೆಯೇ? ನಿದ್ದೆ ಬರುತ್ತದೆಯೇ?

ಅವ್ವ–ಅಪ್ಪನಿಗೆ ತಿಳಿಸದೆ ಕಾಕಾನಾದ ನನಗೆ ಬರೆದದ್ದೇ ಒಳ್ಳೆಯದಾಯಿತು. ನಾನು ಏಳನೇ ಇಯತ್ತೆಯಷ್ಟೇ ಕಲಿತವನಾದರೂ ಡಾಕ್ಟರ ಸರಿಸಮ ಕುಳಿತು ಮಾತಾಡುವವನು ಈ ಊರಲ್ಲಿ ನಾನೊಬ್ಬನೇ. ಹಾನಗಲ್ಲಿಗೆ ಹೋಗಿ ಮಹಾಲಿಂಗಪ್ಪ ಡಾಕ್ಟರನ್ನು ಕಂಡೆ. ನಿನ್ನ ಹೆಸರೆತ್ತದೆ ಕ್ರಿಮಿ ನನಗೇ ಎಂದೆ. “ಉರಿ ಐತೇನು? ಜ್ವರ?” ಎಂದರು. “ಏನೂ ಇಲ್ರಿ, ಹೋರಿ ಇದ್ದಂಗ ಅದೀನ್ರಿ” ಎಂದೆ. “ಗುತ್ತೆಪ್ಪಾ, ಯಾರಿಗಂತ ಖರೇ ಹೇಳು” ಎಂದು ನಕ್ಕರು. ಕಾಲೇಜು ಹುಡುಗಿ ಎಂದ ಮೇಲೆ ತಿಳಿಸಿ ಹೇಳಿದರು: ಹೆಣ್ಣುಮಕ್ಕಳಲ್ಲಿ ಹೀಗೆ ಸುಮ್ಮನಿರುವ ಕ್ರಿಮಿ ಅಪರೂಪವಲ್ಲ, ಎಷ್ಟೋ ಸಲ ತಾವೇ ಹೋಗುತ್ತವೆ, ಇನ್ನೊಮ್ಮೆ ಪರೀಕ್ಷೆ ಮಾಡಿಸಲಿ. ಇದು ನಡತೆಯ ಮಾತಲ್ಲ ಮಗಳೇ. ಓದು ಬಿಟ್ಟು ಬರುವ ವಿಚಾರ ಬಿಡು. ಎಲೆ ನೋಡಿ ಭತ್ತದ ರೋಗ ಹೇಳುವವನು ನಾನು. ಏನನ್ನೂ ತೋರಿಸಿಕೊಳ್ಳದೆ ಒಳಗಿರುವುದರ ಮುಂದೆ ನನ್ನ ಜಾಣತನವೂ ನಡೆಯದು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಇನ್ನು ನಿನ್ನ ಕಿತಾಪತಿ. ರೂಮಿನ ಗೆಳತಿ ನಸೀರಾ ನಾಚಿದಳೆಂದು ಅವಳ ತಪಾಸಣೆಯ ಬಾಟಲಿಯನ್ನೂ ನೀನೇ ತುಂಬಿಕೊಟ್ಟೆಯಾ! ಹೊಟ್ಟೆ ಹಿಡಿದು ನಕ್ಕೆ. ನಮ್ಮ ಮನೆತನದ ಹುಡುಗಿಯೇ ಹೌದು. ಈಗ ಇಬ್ಬರಿಗೂ ಕ್ರಿಮಿ, ಇಬ್ಬರಿಗೂ ಸೋಮವಾರದಿಂದ ಗುಳಿಗೆ. ಗೊತ್ತಾದರೆ ವಾರ್ಡನ್ ಬಾಯಿಯವರು ಹಾಸ್ಟೆಲಿನಿಂದ ಹೊರಗೆ ಹಾಕುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೀ.

ನಿನ್ನ ಕಾಕಿ ಶಾರವ್ವ ಶೇಂಗಾ ಹೋಳಿಗೆ ಕಟ್ಟಿದ್ದಾಳೆ. ನೀರು ಚೆನ್ನಾಗಿ ಕುಡಿ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಸದಾ ಇದೆ.

ನಿನ್ನ ಕಾಕಾ
ಗುತ್ತೆಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಕಾಕಿಗೆ ನಿನ್ನ ಪತ್ರ ಓದಿ ಹೇಳಿದೆ. ಕಳೆದ ಬೇಸಿಗೆಯಲ್ಲಿ ಮದುವೆಯಾದ ನಸೀರಾ ಈಗ ಮೆಸ್ಸಿನ ಊಟ ಕಂಡರೆ ಓಕರಿಸುತ್ತಾಳೆ, ಹುಣಸೇಕಾಯಿ ಬೇಡುತ್ತಾಳೆ ಎಂಬ ಸಾಲಿಗೆ ಬಂದಾಗ, “ತಡೀರಿ, ಆ ಹುಡುಗಿ ಬಸುರಿ ಅದಾಳ್ರಿ!” ಎಂದಳು. ಲಕೋಟೆ ಬದಿಗಿಟ್ಟು ಮತ್ತೆ ಪೆನ್ನು ಹಿಡಿದೆ. ಬಸುರಿಯರಲ್ಲಿ ಮಾತ್ರ ಈ ಸುಮ್ಮನಿರುವ ಕ್ರಿಮಿಯನ್ನು ಬಿಡಬಾರದು, ಗುಳಿಗೆಯನ್ನೂ ನೋಡಿ ಕೊಡಬೇಕು ಎಂದಿದ್ದರು ಡಾಕ್ಟರು. ಅವಳಿಗೆ ಕ್ರಿಮಿ ಇವೆಯೋ ಇಲ್ಲವೋ ಯಾರೂ ನೋಡಿಲ್ಲ. ಎರಡೂ ಬಾಟಲಿಯಲ್ಲಿ ನೋಡಿದ್ದು ನಿನ್ನದನ್ನೇ. ಗುಳಿಗೆ ಮುಟ್ಟುವ ಮೊದಲು ಇಬ್ಬರೂ ಅಲ್ಲಿಯ ಡಾಕ್ಟರ ಹತ್ತಿರ ಹೋಗಿ ಖರೇ ಹೇಳಿರಿ. ವಾರ್ಡನ್ ಸಿಟ್ಟಾದರೆ, “ನಮ್ಮ ಕಾಕಾನ ಆಕಿ ಬಾಟ್ಲಿ ತುಂಬಿಕೊಡು ಅಂದಾರ್ರಿ” ಅನ್ನು. ಪತ್ರವನ್ನು ಧಾರವಾಡ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ಹಿಂದೆಯೇ ನಾನೂ ಬರುತ್ತೇನೆ. ಬೈಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವನು ಹಾನಗಲ್ ತಾಲೂಕಿನಲ್ಲೇ ಹುಟ್ಟಿಲ್ಲ.