ಸೀಟಿ ಇದೆ, ಅಣ್ಣ

ಜಹೀರಾಬಾದ್
೧೪ ನವೆಂಬರ್ ೨೦೨೪

ಅಂಬರೀಶಣ್ಣನವರಿಗೆ ಜಗದೇವಿಯ ಶರಣು. ನಾಗರತ್ನಾ ಅಕ್ಕನಿಗೂ ನನ್ನ ಶರಣು ತಿಳಿಸಿರಿ.

ಹಬ್ಬಕ್ಕೆ ನೀವು ಕಳಿಸಿದ ತಾಂಡೂರಿನ ತೊಗರಿಬೇಳೆ ಮುಟ್ಟಿತು. ಅದನ್ನು ಹೇಳಲು ಇಷ್ಟು ತಡ ಮಾಡಿದೆ, ಬೇಸರ ಬೇಡ. ಈ ಕಾಗದ ಕ್ಯಾಸೆಟ್ಟಿನ ಡಬ್ಬಿಯ ತಳದಲ್ಲಿ ಸಿಕ್ಕಿ ನಿಮಗೆ ಆಶ್ಚರ್ಯವಾಗಿರಬೇಕು. ಪಾರ್ಸೆಲ್ಲಿಗೆ ಬಟ್ಟೆ ಹೊಲಿಯುವವಳು ನಾನೇ ಅಲ್ಲವೇ, ಕದ್ದು ಇಟ್ಟೆ. ಫೋನ್ ಮಾಡಬಹುದಿತ್ತು. ಮಾಡಿದರೆ ಅತ್ತುಬಿಡುತ್ತೇನೆ, ನಮ್ಮವರು ನೋಡುತ್ತಾರೆ.

ಮೇಲೆಯೇ ಇವರ ಚೀಟಿ ಇದೆ, ಓದಿರುತ್ತೀರಿ. ಇನ್ನು ಮುಂದೆ ನಿಮ್ಮ ಜೊತೆ ಲೇನ್‌ದೇನ್ ಬೇಡ, ಕೊಡುವುದೂ ಬೇಡ ತರಿಸುವುದೂ ಬೇಡವೆಂದು ಬರೆದಿದ್ದಾರೆ. ಸಿಟ್ಟಾಗಬೇಡಿ ಅಣ್ಣ. ಹೈದರಾಬಾದಿನ ಕಾಲೇಜಿನಿಂದ ಬಂದ ದೋಸ್ತಿ ಇದು. ಯಾವುದೋ ವಿಲಾಯತಿ ಬ್ಯಾಂಡಿನವರು ಊರೂರು ತಿರುಗಿ ಹಾಡಿದ್ದನ್ನು, ಯಾರೋ ಜನರ ನಡುವೆ ಕೂತು ಕದ್ದು ರೆಕಾರ್ಡ್ ಮಾಡಿದ್ದನ್ನು, ನೀವಿಬ್ಬರೂ ಹುಡುಕಿ ಹುಡುಕಿ ಕೂಡಿಹಾಕಿದಿರಿ. ಹಾಡು ಒಂದೇ, ರಾತ್ರಿ ಬೇರೆ ಬೇರೆ. ನಾನು ಗೊಣಗಿದರೆ ಇವರು, “ಬ್ಯಾಳಿ ಅದೇ, ಸಾರು ಅದೇ, ದಿನಾ ರುಚಿ ಒಂದೇ ಇರತದೇನು?” ಎಂದು ಬಾಯಿ ಮುಚ್ಚಿಸುತ್ತಿದ್ದರು. ಸಿಕ್ಕಿದ್ದರ ಒಂದು ನಕಲು ಇಲ್ಲಿ, ಒಂದು ತಾಂಡೂರಿನ ನಿಮ್ಮ ಮನೆಯಲ್ಲಿ ಇರಲೇಬೇಕೆಂಬುದು ನಿಮ್ಮ ಕಟ್ಟಳೆ. ಕಂಪ್ಯೂಟರಿನ ಕಾಲ ಬಂದರೂ ನಿಮಗೆ ಕ್ಯಾಸೆಟ್ಟೇ ಆಗಬೇಕು. ಹುಚ್ಚರ ಸಂತೆ ಎಂದು ನಾನು ನಕ್ಕಿದ್ದೇ ನಕ್ಕಿದ್ದು. ಈಗ ನಗು ಬರುವುದಿಲ್ಲ.

ಈಗಿನ ಜಗಳ ಈಚೆಗೆ ನೀವು ನಕಲು ಮಾಡಿ ಕಳಿಸಿದ ಒಂದು ರಾತ್ರಿಯ ಹಾಡುಗಳದು. ಆ ರಾತ್ರಿಯ ಗುರುತೆಂದರೆ ಕೊನೆಯ ಹಾಡಿಗೆ ಮೊದಲು ಜನರೊಳಗೆ ಯಾರೋ ಹೊಡೆದ ಸೀಟಿಯಂತೆ. ನಿಮ್ಮ ನಕಲಿನಲ್ಲಿ ಅದು ಇಲ್ಲವಂತೆ. “ಅಂಬರೀಶಗ ಏನಾಗ್ಯಾದ? ಸೀಟಿನೇ ಇಲ್ಲ ಇದ್ರಾಗ! ಬ್ಯಾರೆ ರಾತ್ರಿದು ಕಳಿಸಿ ನನಗೇ ಟೋಪಿ ಹಾಕ್ಲತ್ಯಾನ!” ಎಂದು ಕೂಗಾಡಿದರು. ಪಾಪ, ನೀವು ಮತ್ತೆ ಮಾಡಿ ಕಳಿಸಿದಿರಿ. ಅದರಲ್ಲೂ ಇಲ್ಲವೆಂದು ಈಗ ಎರಡನ್ನೂ ವಾಪಸು ಕಳಿಸುತ್ತಿದ್ದಾರೆ.

ಮೊನ್ನೆ ಇವರು ಅಂಗಡಿಗೆ ಹೋದಾಗ ನಾನೇ ಹಾಕಿ ಕೇಳಿದೆ. ಸೀಟಿ ಇದೆ, ಅಣ್ಣ. ಬಾಯಲ್ಲಿ ಬೆರಳಿಟ್ಟು ಹೊಡೆದಂಥದು, ನಮ್ಮ ಕುಕ್ಕರಿನ ಸೀಟಿಯಂತೆ ಕಿವಿಗೆ ಚುಚ್ಚುತ್ತದೆ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಇನ್ನೊಂದನ್ನೂ ಹಾಕಿದೆ. ಎರಡರಲ್ಲೂ ಇದೆ.

ಆಮೇಲೆ ಒಂದೊಂದೇ ನೆನಪಾದವು. ಕುಕ್ಕರ್ ಕೂಗಿದರೆ ಒಲೆ ಆರಿಸುವುದು ಇವರ ಪಾಲಿನ ಕೆಲಸ. ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನಿಮ್ಮ ಬೇಳೆ ತಳ ಹತ್ತಿ ಕರಕಲಾಗಿತ್ತು. ಇವರು ಪಕ್ಕದ ಕೋಣೆಯಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದರು. ಹೋದ ವಾರ ನ್ಯಾಲ್ಕಲ್ ರಸ್ತೆಯಲ್ಲಿ ಇವರ ಬೈಕಿನ ಹಿಂದೆ ಕೂತಿದ್ದೆ. ಹಿಂದಿನ ಜೀಪಿನವನು ಹಾರ್ನ್ ಹೊಡೆದದ್ದೇ ಹೊಡೆದದ್ದು, ಇವರು ನಡುರಸ್ತೆ ಬಿಡಲಿಲ್ಲ. ನಾನು ಬೆನ್ನಿಗೆ ಗುದ್ದಿದ ಮೇಲೆಯೇ ಪಕ್ಕಕ್ಕೆ ಸರಿದರು. “ಕಿವಿ ಮನ್ಯಾಗ ಇಟ್ಟು ಬಂದೀರೇನ್ರಿ?” ಎಂದು ಅವನು ಬೈದು ಹೋದ. “ಏನಂದ ಅಂವ?” ಎಂದು ಇವರು ನನ್ನನ್ನು ಕೇಳಿದರು. ನಾನು ಸುಮ್ಮನೆ ತಲೆಯಾಡಿಸಿದೆ.

ನಮ್ಮ ಮಾವ ಶಂಕ್ರೆಪ್ಪನವರು ಹೇಗೆ ಹೋದರೆಂದು ನಿಮಗೆ ಗೊತ್ತು. ಅವರಿಗೂ ಕಿವಿ ಮಂದವಾಗಿತ್ತು, ಯಾರಿಗೂ ಹೇಳಿರಲಿಲ್ಲ. ನಾರಾಯಣಖೇಡದ ಸಂತೆಯಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಬಂದದ್ದು ಅವರಿಗೆ ಕೇಳಿಸಲಿಲ್ಲ. ಅವರ ಮಗನಾದ ಇವರು ಈಗಲೂ ದಿನಾ ಬೈಕ್ ತೆಗೆದುಕೊಂಡು ಹೈವೇ ದಾಟುತ್ತಾರೆ. ಸಂಜೆ ಬಾಗಿಲ ಮುಂದೆ ಬೈಕ್ ನಿಂತ ಸಪ್ಪಳವಾಗುವವರೆಗೆ ನನ್ನ ಜೀವದಲ್ಲಿ ಜೀವ ಇರುವುದಿಲ್ಲ. ಆ್ಯಂಬುಲೆನ್ಸ್ ಕೂಗಿದರೆ ಸಾಕು, ಕೈಯಲ್ಲಿದ್ದದ್ದು ಜಾರಿ ಬೀಳುತ್ತದೆ. ಹೆದರಿಕೆ ಅಂದರೆ ಹೆದರಿಕೆ, ಅಣ್ಣ.

ನೀವು ಬಂದುಬಿಡಿ. ನಾನು ಹೇಳಿದರೆ “ಇಂಗ್ಲಿಷ್ ಗಾನಾ ನಿನಗೇನ್ ತಿಳೀತದ?” ಎನ್ನುತ್ತಾರೆ. ನಿಮ್ಮನ್ನು ಎಷ್ಟೇ ಬೈದರೂ ನಿಮ್ಮ ಕಿವಿಯ ಮೇಲೆ ಇವರಿಗೆ ನಂಬಿಕೆ ಇದೆ. ಪಕ್ಕದಲ್ಲಿ ಕೂತು, ಸೀಟಿ ಬಂದಾಗ ಕೈ ಒತ್ತಿ ತೋರಿಸಿ. ರಂಪ ಮಾಡುತ್ತಾರೆ, ಮಾಡಲಿ. ಆಮೇಲೆ ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಕರೆದೊಯ್ಯೋಣ. ಈ ಕ್ಯಾಸೆಟ್ಟುಗಳನ್ನು ಮರೆಯದೆ ತನ್ನಿರಿ.

ನಿಮ್ಮ ಮನೆ ತಣ್ಣಗಿರಲಿ. ಬಸವಣ್ಣ ಎಲ್ಲರನ್ನೂ ಕಾಯಲಿ.

ನಿಮ್ಮ ತಂಗಿ
ಜಗದೇವಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ದಸರೆಯ ಹೊತ್ತಿನಿಂದ ನಾನು ಕರೆದರೆ ಇವರು ‘ಓ’ ಎನ್ನುತ್ತಿರಲಿಲ್ಲ. ನನ್ನ ಮೇಲೆ ಏನೋ ಸಿಟ್ಟು ಎಂದುಕೊಂಡು ನಾನೂ ಮಾತು ಬಿಟ್ಟೆ. ನನ್ನ ಸಿಟ್ಟು ಮೂಗಿನ ಮೇಲೇ ಇರುತ್ತದೆ, ನಿಮಗೆ ಗೊತ್ತಲ್ಲ. ದೀಪಾವಳಿಯೂ ಹಾಗೇ ಹೋಯಿತು. ನಿನ್ನೆ ಬಡಿಸುತ್ತಿದ್ದಾಗ ಇವರು ನನ್ನ ಮುಖವನ್ನೇ ನೋಡುತ್ತ, “ಈಚೀಚೆಗ ನೀ ಭಾಳ ಸಣ್ಣ ದನೀಲೆ ಮಾತಾಡ್ತಿ. ಜರಾ ಜೋರಾಗಿ ಹೇಳು” ಎಂದರು. ನಾನು ಬಾಯೇ ತೆರೆದಿರಲಿಲ್ಲ, ಅಣ್ಣ.