ಸೇಮಿಗೆ ಮಣೆಗೊಂದು ಶಿಫಾರಸು

ಪುತ್ತಿಗೆ, ಭಾನುವಾರ

ಥೆರಪಿಸ್ಟ್ ಅಕ್ಷಿತಾ ಅವರಿಗೆ ನಮಸ್ಕಾರ.

ಪಾರ್ಶ್ವವಾಯುವಿನಿಂದ ಸೋತ ನಮ್ಮವರ ಬಲಗೈ ನಿಮ್ಮಲ್ಲಿನ ವ್ಯಾಯಾಮ ಯಂತ್ರದ ಹಿಡಿಯನ್ನು ಚೆನ್ನಾಗಿ ತಿರುಗಿಸುತ್ತದಂತೆ. ಸಂತೋಷ. ಆದರೆ ಕೈಯನ್ನು ಹಿಡಿಗೆ ಬಿಗಿಯುವ ಪಟ್ಟಿಯನ್ನು ಒಂದೇ ಕೈಯಲ್ಲಿ ಕಟ್ಟಿಕೊಳ್ಳಲಾಗದು, ದಿನಾ ನೀವೇ ಕಟ್ಟಬೇಕು. ಯಂತ್ರ ಮಾಡಿದವನಿಗೆ ಹೆಂಡತಿ ಇರಲಿಲ್ಲವೇನೋ.

ಮನೆಯಲ್ಲಿ ಮಾತ್ರ ಆ ಕೈಗೆ ಪೂರ್ತಿ ರಜೆ. ನಮ್ಮ ಸೇಮಿಗೆ ಒತ್ತುವ ಮಣೆಗೂ ತಿರುಗಿಸುವ ಹಿಡಿ ಉಂಟು. ಮಣೆ ಹಿಡಿಯುವುದು ನಾನು, ತಿರುಗಿಸುವುದು ಅವರು, ಮದುವೆಯಾದಂದಿನ ರೂಢಿ. ನಿನ್ನೆ ಕರೆದರೆ, "ಅಕ್ಷಿತಾ ಮೇಡಂ ಹೇಳಿದ್ದರಲ್ಲಿ ಅದು ಇಲ್ಲ ಮಾರಾಯ್ತಿ" ಎಂದರು.

ದಯವಿಟ್ಟು ಅವರ ವ್ಯಾಯಾಮದ ಚೀಟಿಯಲ್ಲಿ ಸೇಮಿಗೆ ಮಣೆಯನ್ನೂ ಬರೆಯಿರಿ. ನಾನು ಹೇಳಿದರೆ ಅದು ಮನೆಗೆಲಸ, ನೀವು ಹೇಳಿದರೆ ಚಿಕಿತ್ಸೆ.

ಕೈಗೆ ಬಿಗಿಯುವ ಆ ಪಟ್ಟಿ ಮಾತ್ರ ಕಳುಹಿಸಬೇಡಿ. ಕೈ ಜಾರಿದರೆ ಹಿಡಿದುಕೊಳ್ಳಲು ನಾನಿದ್ದೇನೆ.

ಇತಿ,
ಶಶಿಪ್ರಭಾ