ಜೀರುಂಡೆ ಡಬ್ಬಿಯ ವಿಷಯ

ಮನೆ ಮಾಲೀಕರಿಗೆ ಮಹಡಿಯ ಬಾಡಿಗೆದಾರನ ನಮಸ್ಕಾರಗಳು.

ಜೀರುಂಡೆಗಳ ಗಲಾಟೆ ನಿಲ್ಲಿಸಬೇಕೆಂಬ ನಿಮ್ಮ ನೋಟೀಸು ತಲುಪಿತ್ತು. ಹದಿನಾಲ್ಕು ವರ್ಷದ ಹಿಂದೆ ನಿಮ್ಮ ಗಿಳಿ ನನ್ನನ್ನು ಕಂಡಾಗಲೆಲ್ಲ "ಕಳ್ಳ ಬಂದ" ಎಂದು ಕೂಗುತ್ತಿತ್ತು. ನಾನು ನೋಟೀಸು ಕೊಟ್ಟಿರಲಿಲ್ಲ. ಇರಲಿ.

ಮೊಮ್ಮಗಳ ಸಾಕುಹಲ್ಲಿ ಜೀವಂತ ಜೀರುಂಡೆಯನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಅದಕ್ಕೇ ಡಬ್ಬಿಯಲ್ಲಿ ಅವನ್ನು ಬೆಳೆಸುತ್ತಿದ್ದೇವೆ. ಕೂಗುವುದು ಗಂಡುಗಳು ಮಾತ್ರ ಎಂದು ಪುಸ್ತಕದಲ್ಲಿ ಓದಿ, ನಿಮ್ಮ ಮಾತಿಗೆ ಬೆಲೆ ಕೊಟ್ಟು, ಅವನ್ನೆಲ್ಲ ಹಲ್ಲಿಗೆ ಹಾಕಿದೆ. ಗಂಡಿಲ್ಲದೆ ಸಂತಾನ ಎಲ್ಲಿಂದ ಎಂಬುದು ಆಮೇಲೆ ಹೊಳೆಯಿತು. ಮೊಮ್ಮಗಳು ನನ್ನೊಡನೆ ಮಾತು ಬಿಟ್ಟಳು.

ಮೂರನೆಯ ದಿನ ನಿಮ್ಮ ತಾಯಿಯವರು ಮೆಟ್ಟಿಲು ಹತ್ತಿ ಬಂದರು.

"ಏನಪ್ಪಾ, ಹಾಡೋರು ಎಲ್ಲಿ ಹೋದ್ರು? ಮಧ್ಯಾಹ್ನ ನಿದ್ದೇನೇ ಹತ್ತಲ್ಲ."

"ನಿಮ್ಮ ಮಗನೇ ಬೇಡ ಅಂದ್ರಮ್ಮ."

"ಅವನೇನು ಹೇಳ್ತಾನೆ! ಅವನು ಕೂಸಾಗಿದ್ದಾಗ ಇಡೀ ಬೀದಿಗೇ ನಿದ್ದೆ ಇರ್ಲಿಲ್ಲ."

ಪುಣ್ಯಕ್ಕೆ ಹೆಣ್ಣುಗಳು ಮೊದಲೇ ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಟ್ಟಿದ್ದವು. ನಿನ್ನೆ ಎಳ್ಳಿಗಿಂತ ಸಣ್ಣ ಮರಿಗಳು ಹೊರಬಂದವು; ಮೊಮ್ಮಗಳ ಮಾತೂ ಹೊರಬಂತು. ನಿಮ್ಮ ತಾಯಿಯವರು ಡಬ್ಬಿಯನ್ನು ತಮ್ಮ ಕೋಣೆಯ ಕಿಟಕಿಯ ಬಳಿಯೇ ಇಡಬೇಕೆಂದು ಅಪ್ಪಣೆ ಕೊಟ್ಟಿದ್ದಾರೆ.

ಮರಿಗಳು ಹಾಡಲು ಇನ್ನೂ ಒಂದೂವರೆ ತಿಂಗಳಿದೆ. ಅಷ್ಟರೊಳಗೆ ನೋಟೀಸು ಹಿಂದಕ್ಕೆ ತೆಗೆದುಕೊಳ್ಳಿ. ಇಲ್ಲವೇ ಅದರ ಇನ್ನೊಂದು ಪ್ರತಿಯನ್ನು ನೀವೇ ನಿಮ್ಮ ತಾಯಿಯವರ ಕೈಗೆ ಕೊಡಿ.

ಇಂತಿ,
ನಿಮ್ಮ ಗಿಳಿ ಗುರುತಿಸಿದ ಕಳ್ಳ